ಶಿಖರದ ಎತ್ತರವನ್ನಷ್ಟೇ ನೋಡಿ ಚಾರಣಕ್ಕೆ ಹೊರಡಬೇಡಿ

ಕಳೆದ ಡಿಸೆಂಬರ್‌ನಲ್ಲಿ ಕಲಬುರಗಿಯಿಂದ ನಾವು ಐವರು ಗೆಳೆಯರು ಕುಮಾರ ಪರ್ವತಕ್ಕೆ ಹೋಗಿದ್ದೆವು. ನಮ್ಮಲ್ಲಿ ಗಟ್ಟಿಮುಟ್ಟಾಗಿದ್ದವನು ಕಮಲಾಪುರದ ಗೆಳೆಯ. ಪೊಲೀಸ್ ನೇಮಕಾತಿಯ ದೈಹಿಕ ಪರೀಕ್ಷೆಗೆಂದು ದಿನಾ ಬೆಳಿಗ್ಗೆ 1,600 ಮೀಟರ್ ಓಡುತ್ತಿದ್ದ. ಹತ್ತುವಾಗ ಅವನೇ ಎಲ್ಲರಿಗಿಂತ ಮುಂದೆ. ಇಳಿಯುವಾಗ ಮಾತ್ರ, ಗಿರಿಗದ್ದೆ ಇನ್ನೂ ದೂರವಿರುವಾಗಲೇ ಮೊಣಕಾಲು ಹಿಡಿದು ಕುಳಿತುಬಿಟ್ಟ. ‘ಇನ್ನ ನನ್ನ ಕೈಲೆ ಆಗಂಗಿಲ್ಲ, ನೀವು ಹೋಗ್ರಿ’ ಎಂದ. ಹೆಗಲು ಕೊಟ್ಟು ಕುಕ್ಕೆ ತಲುಪಿಸುವಷ್ಟರಲ್ಲಿ ರಾತ್ರಿಯಾಗಿತ್ತು. ಮೂರು ವಾರ ಅವನ ಓಟ ನಿಂತಿತು. ಹತ್ತಿರದಲ್ಲೇ ಇದ್ದ ಪರೀಕ್ಷೆಯೂ ತಪ್ಪಿತು.

ನಾವು ಲೆಕ್ಕ ತಪ್ಪಿದ್ದು ಎಲ್ಲಿ? ಹಿಂದಿನ ವರ್ಷ ರಾಜ್ಯದಲ್ಲೇ ಎತ್ತರವಾದ, 1,930 ಮೀಟರ್‌ನ ಮುಳ್ಳಯ್ಯನಗಿರಿಯನ್ನು ಹರಟುತ್ತಲೇ ಹತ್ತಿದ್ದೆವು. ಕುಮಾರ ಪರ್ವತ 1,712 ಮೀಟರ್. ‘ಅದಕ್ಕಿಂತ ಸಣ್ಣದು’ ಎಂದುಕೊಂಡೆವು. ಆದರೆ ಮುಳ್ಳಯ್ಯನಗಿರಿಯಲ್ಲಿ ಸರ್ಪದಾರಿಯ ಬುಡದವರೆಗೆ ವಾಹನವೇ ಏರಿಸಿಬಿಡುತ್ತದೆ, ನಡೆಯುವುದು ನಾಲ್ಕೈದು ಕಿಲೋಮೀಟರ್ ಅಷ್ಟೇ. ಕುಕ್ಕೆ ಇರುವುದು ಬೆಟ್ಟದ ತಪ್ಪಲಿನಲ್ಲಿ. ಅಲ್ಲಿಂದ ಹನ್ನೆರಡು ಕಿಲೋಮೀಟರ್‌ಗೂ ಹೆಚ್ಚು ನಡೆದು, ಒಂದೂವರೆ ಸಾವಿರ ಮೀಟರ್‌ನಷ್ಟು ಏರಿ, ಅಷ್ಟನ್ನೂ ಇಳಿಯಬೇಕು. ಹಾಗಾಗಿ ಶಿಖರ ಎಷ್ಟು ಎತ್ತರ ಎನ್ನುವ ಮೊದಲು ನಡಿಗೆ ಎಲ್ಲಿಂದ ಶುರು, ಒಂದೇ ದಿನದಲ್ಲಿ ಎಷ್ಟು ಏರಿಳಿತ ಎಂದು ಕೇಳಬೇಕು.

ಬಯಲಿನ ಓಟ ಉಸಿರನ್ನು ಪಳಗಿಸುತ್ತದೆ. ಇಳಿಜಾರಿನಲ್ಲಿ ಹೆಜ್ಜೆಹೆಜ್ಜೆಗೂ ಮೈಭಾರ ತಡೆಯುವ ತೊಡೆ, ಮೊಣಕಾಲನ್ನು ಅದೊಂದೇ ತಯಾರು ಮಾಡುವುದಿಲ್ಲ. ನಮ್ಮ ಸಪಾಟು ಊರಿನಲ್ಲಿ ಬೆಟ್ಟ ಎಲ್ಲಿಂದ ತರುವುದು? ಬೆನ್ನಿಗೆ ಐದಾರು ಕಿಲೋ ಚೀಲ ಹಾಕಿಕೊಂಡು ಮಹಡಿಯ ಮೆಟ್ಟಿಲು ಹತ್ತಿ ಇಳಿಯುವುದೇ ದಾರಿ. ನೋಡಿದವರು ನಗುತ್ತಾರೆ, ನಗಲಿ.

ಹಿಮಾಲಯದ ಮಾತೇ ಬೇರೆ. ರೀಲ್ಸ್ ನೋಡಿ ಮನೆಯವರಿಂದ ದುಡ್ಡು ಹೊಂದಿಸಿ ನೇರ ಕೇದಾರಕಂಠಕ್ಕೆ ಹೊರಡುವವರಿದ್ದಾರೆ. ಅದು 3,800 ಮೀಟರ್. ಸಾಮಾನ್ಯವಾಗಿ 2,500 ಮೀಟರ್ ದಾಟಿದ ಮೇಲೆ ಕಾಡುವ ಎತ್ತರದ ಕಾಯಿಲೆ ಫಿಟ್ ಇದ್ದವರನ್ನೂ ಬಿಡುವುದಿಲ್ಲ. ಕಲಬುರಗಿ ಇರುವುದು ಸುಮಾರು 450 ಮೀಟರ್‌ನಲ್ಲಿ. ಆ ಎತ್ತರದಲ್ಲಿ ನಮ್ಮ ದೇಹ ಹೇಗಿರುತ್ತದೆಂದು ಪರೀಕ್ಷಿಸಲು ಇಡೀ ಕರ್ನಾಟಕದಲ್ಲಿ ಜಾಗವಿಲ್ಲ. 3,000 ಮೀಟರ್ ಮೇಲೆ ಮಲಗುವ ಜಾಗವನ್ನು ದಿನಕ್ಕೆ 500 ಮೀಟರ್‌ಗಿಂತ ಹೆಚ್ಚು ಏರಿಸಬಾರದು ಎನ್ನುತ್ತಾರೆ ವೈದ್ಯರು. ರಜೆ ಕಡಿಮೆಯೆಂದು ಆ ದಿನಗಳನ್ನು ಕತ್ತರಿಸುವ ಪ್ಯಾಕೇಜ್ ಅಗ್ಗವಾದರೂ ಬೇಡ. 2024ರ ಜೂನ್‌ನಲ್ಲಿ ಉತ್ತರಾಖಂಡದ ಸಹಸ್ತ್ರತಾಲ್‌ಗೆ ಹೋಗಿದ್ದ ಕರ್ನಾಟಕದ ತಂಡದ ಒಂಬತ್ತು ಮಂದಿ ಹಿಮಗಾಳಿಗೆ ಸಿಕ್ಕಿ ತೀರಿಕೊಂಡರು. ಆ ತಂಡದಲ್ಲಿ ಅನುಭವಿಗಳೂ ಇದ್ದರು.

ಕಮಲಾಪುರದ ಗೆಳೆಯ ಈಗ ಮತ್ತೆ ಓಡುತ್ತಿದ್ದಾನೆ, ಸಂಜೆ ಮೆಟ್ಟಿಲೂ ಹತ್ತುತ್ತಾನೆ. ಮೊನ್ನೆ ಊರಿನ ಕೆಂಪು ಬಾಳೆಹಣ್ಣು ತಂದುಕೊಟ್ಟು, ಅರಣ್ಯ ಇಲಾಖೆಯ ಅನುಮತಿ ಪಡೆದು ಚಿಂಚೋಳಿಯ ಚಂದ್ರಂಪಳ್ಳಿ ಗುಡ್ಡಗಳಿಗೆ ಹೋಗೋಣ ಎಂದ. ಅಲ್ಲಿ ಏರು ಎಷ್ಟು, ಇಳಿಯಲು ಎಷ್ಟು ಹೊತ್ತು ಎಂಬುದನ್ನು ಈ ಸಲ ಅವನೇ ವಿಚಾರಿಸಿಕೊಂಡು ಬಂದಿದ್ದ.