ಅರ್ಧವಾರ್ಷಿಕ ಪರೀಕ್ಷೆ: ಅಂಕ ಬಂತು, ಲೆಕ್ಕ ಬಂತೆ?

ದಸರಾ ರಜೆ ಹತ್ತಿರವಾಗುತ್ತಿದ್ದಂತೆ ರಾಜ್ಯದ ಪ್ರಾಥಮಿಕ ಶಾಲೆಗಳಲ್ಲಿಯೂ ಮನೆಗಳಲ್ಲಿಯೂ ಒಂದೇ ಬಗೆಯ ಗಡಿಬಿಡಿ ಕಾಣಿಸಿಕೊಳ್ಳುತ್ತದೆ. 'ಸಂಕಲನಾತ್ಮಕ ಮೌಲ್ಯಮಾಪನ' ಎಂಬ ಅಧಿಕೃತ ಹೆಸರಿದ್ದರೂ ಪಾಲಕರ ಬಾಯಲ್ಲಿ ಅದು ಇಂದಿಗೂ ಅರ್ಧವಾರ್ಷಿಕ ಪರೀಕ್ಷೆಯೇ. ನಾಲ್ಕನೆಯ ಅಥವಾ ಐದನೆಯ ತರಗತಿಯ ಮಗುವಿನ ಮುಂದೆ ಮಾದರಿ ಪ್ರಶ್ನೆಪತ್ರಿಕೆಗಳ ಕಟ್ಟು ಬಂದು ಬೀಳುತ್ತದೆ. ಸಂಜೆ ಟ್ಯೂಷನ್, ರಾತ್ರಿ ಮಗ್ಗಿ. ವಾರ ಕಳೆದರೆ ಪರೀಕ್ಷೆ ಮುಗಿಯುತ್ತದೆ. ರಜೆಯ ನಂತರ ಅಂಕ ತಿಳಿಯುತ್ತದೆ. ಪಠ್ಯ ಮುಂದಕ್ಕೆ ಸಾಗುತ್ತದೆ. ಇಷ್ಟೆಲ್ಲದರ ನಡುವೆ ಮಗುವಿಗೆ ಲೆಕ್ಕ ಬಂತೇ ಎಂಬ ಪ್ರಶ್ನೆಗೆ ಉತ್ತರ ದೊರೆಯುವುದಿಲ್ಲ ಎಂಬುದೇ ಯೋಚಿಸಬೇಕಾದ ಸಂಗತಿ.

ಒಂದು ಉದಾಹರಣೆಯನ್ನು ನೋಡಬಹುದು. 52ರಿಂದ 38ನ್ನು ಕಳೆಯುವ ಲೆಕ್ಕಕ್ಕೆ ಅನೇಕ ಮಕ್ಕಳು 26 ಎಂದು ಬರೆಯುತ್ತಾರೆ. ಸರಿಯುತ್ತರ 14. ಇದು ಅಜಾಗರೂಕತೆಯ ತಪ್ಪಲ್ಲ. 2ರಿಂದ 8 ಕಳೆಯಲಾಗದೆಂದು ಕಂಡ ಮಗು ಎರಡನ್ನೂ ತಿರುಗಿಸಿ 8ರಿಂದ 2 ಕಳೆದಿದೆ. 'ದೊಡ್ಡದರಿಂದ ಚಿಕ್ಕದನ್ನು ಕಳೆ' ಎಂದು ಒಂದನೆಯ ತರಗತಿಯಲ್ಲಿ ಕೇಳಿದ ಮಾತನ್ನು ಅದು ನಿಷ್ಠೆಯಿಂದ ಪಾಲಿಸಿದೆ ಅಷ್ಟೆ. ಅಮೆರಿಕದ ಜಾನ್ ಸೀಲಿ ಬ್ರೌನ್ ಮತ್ತು ರಿಚರ್ಡ್ ಬರ್ಟನ್ ಎಂಬ ಸಂಶೋಧಕರು 1978ರಷ್ಟು ಹಿಂದೆಯೇ ಇಂತಹ ತಪ್ಪುಗಳಿಗೆ ತಮ್ಮದೇ ಆದ ನಿಯಮವಿರುತ್ತದೆಂದು ತೋರಿಸಿಕೊಟ್ಟಿದ್ದರು. ತಪ್ಪು ನಿಯಮವನ್ನು ಹಿಡಿದ ಮಗುವಿಗೆ ಅದೇ ಬಗೆಯ ಐವತ್ತು ಲೆಕ್ಕಗಳನ್ನು ಕೊಟ್ಟರೆ ಆಗುವುದೇನು? ತಪ್ಪೇ ಗಟ್ಟಿಯಾಗುತ್ತದೆ.

832ನ್ನು 4ರಿಂದ ಭಾಗಿಸಿ 28 ಎಂದು ಬರೆಯುವ ಮಗುವಿನ ಕಥೆಯೂ ಇದೇ. ಅದಕ್ಕೆ ಮಗ್ಗಿ ಗೊತ್ತಿದೆ, ಭಾಗಾಕಾರದ ಹಂತಗಳೂ ಗೊತ್ತಿವೆ. 3ರಲ್ಲಿ 4 ಹೋಗುವುದಿಲ್ಲವಾದ್ದರಿಂದ ಆ ಸ್ಥಾನದಲ್ಲಿ ಸೊನ್ನೆ ಹಾಕಬೇಕೆಂಬುದು ಗೊತ್ತಿಲ್ಲ. ಇಬ್ಬರಿಗೂ ಉತ್ತರಪತ್ರಿಕೆಯಲ್ಲಿ ಬೀಳುವುದು ಒಂದೇ ಕೆಂಪು ಗೀಟು. ಇಪ್ಪತ್ತಕ್ಕೆ ಹನ್ನೆರಡು ಎಂಬ ಅಂಕ ಈ ವ್ಯತ್ಯಾಸವನ್ನು ಪೂರ್ತಿಯಾಗಿ ನುಂಗಿಹಾಕುತ್ತದೆ.

ಸಮಸ್ಯೆಯ ಗಾತ್ರ ಸಣ್ಣದಲ್ಲ. ದೇಶದ ಗ್ರಾಮೀಣ ಭಾಗಗಳಲ್ಲಿ ನಡೆದ 2024ರ 'ಅಸರ್' ಸಮೀಕ್ಷೆಯ ಪ್ರಕಾರ, ಎರಡಂಕಿಯ ಕಳೆಯುವ ಲೆಕ್ಕವನ್ನು ಮಾಡಬಲ್ಲವರು ಮೂರನೆಯ ತರಗತಿಯ ಮಕ್ಕಳಲ್ಲಿ ಶೇ 33.7ರಷ್ಟು ಮಾತ್ರ. ಮೂರಂಕಿಯ ಸಂಖ್ಯೆಯನ್ನು ಒಂದಂಕಿಯಿಂದ ಭಾಗಿಸಬಲ್ಲ ಐದನೆಯ ತರಗತಿಯ ಮಕ್ಕಳು ಶೇ 30.7. ಕೋವಿಡ್ ನಂತರದ 2022ರ ಸಮೀಕ್ಷೆಯಲ್ಲಿ ಇವು ಕ್ರಮವಾಗಿ ಶೇ 25.9 ಮತ್ತು 25.6 ಇದ್ದುದನ್ನು ನೆನೆದರೆ ಸುಧಾರಣೆ ಆಗಿದೆ, ನಿಜ. ಆದರೂ ಐದನೆಯ ತರಗತಿಯ ಪ್ರತಿ ಹತ್ತು ಮಕ್ಕಳಲ್ಲಿ ಸುಮಾರು ಏಳು ಮಂದಿ ಭಾಗಾಕಾರ ಬಾರದೆಯೇ ಭಿನ್ನರಾಶಿಯ ಪಾಠಕ್ಕೆ ಕುಳಿತಿರುತ್ತಾರೆ. ನಗರದ ಪಾಲಕರು ಇದನ್ನು ಹಳ್ಳಿಯ ಸಮಸ್ಯೆಯೆಂದು ಬದಿಗಿಡುವಂತಿಲ್ಲ. 52 ಮತ್ತು 38ರ ತಪ್ಪು ಶುಲ್ಕ ನೋಡಿ ಬರುವುದಿಲ್ಲ.

ವಾಸ್ತವವಾಗಿ ನಗರದ ಮಗುವಿಗೆ ಇನ್ನೊಂದು ತೊಡಕಿದೆ. ಕನ್ನಡದಲ್ಲಿ 'ನಲವತ್ತೇಳು' ಎಂದಾಗ ಮೊದಲು ಹತ್ತುಗಳು, ನಂತರ ಬಿಡಿ. ಬರೆಯುವ ಕ್ರಮವೂ ಅದೇ. 'ಹದಿನಾಲ್ಕು' ಎಂಬಲ್ಲಿಯೂ ಹತ್ತು ಮುಂದಿದೆ. ಇಂಗ್ಲಿಷಿನ 'ಫೋರ್ಟೀನ್'ನಲ್ಲಿ ನಾಲ್ಕು ಮೊದಲು ಕೇಳಿಸುತ್ತದೆ. ಸಣ್ಣ ಮಕ್ಕಳು ಅದನ್ನು 41 ಎಂದು ಬರೆಯುವುದು ಶಿಕ್ಷಕರಿಗೆ ಹೊಸತಲ್ಲ. ಸ್ಥಾನಬೆಲೆಯನ್ನು ತನ್ನ ಪದಗಳಲ್ಲಿಯೇ ಇಟ್ಟುಕೊಂಡಿರುವ ಭಾಷೆ ಮನೆಯಲ್ಲಿರುವಾಗ, ಇಂಗ್ಲಿಷ್ ಮಾಧ್ಯಮದ ಪರೀಕ್ಷೆಗೆಂದು ಮನೆಯ ಬಾಯಿಲೆಕ್ಕವನ್ನೂ ಇಂಗ್ಲಿಷಿಗೆ ಬದಲಿಸುವುದು ಜಾಣತನವೆನಿಸದು. (ತೊಂಬತ್ತು, ಒಂಬೈನೂರು ಮಾತ್ರ ಈ ಕ್ರಮದಲ್ಲಿಯೂ ತುಸು ಕಾಡಿಸುತ್ತವೆ.)

ಅಭ್ಯಾಸವೇ ಬೇಡವೆಂದು ಇದರ ಅರ್ಥವಲ್ಲ. ಮಗ್ಗಿಯನ್ನು ಕಂಠಪಾಠವೆಂದು ಹೀಗಳೆಯುವವರು ಏಳೆಂಟ್ಲೆ ಎಷ್ಟೆಂದು ಬೆರಳು ಮಡಿಸುತ್ತ ಕುಳಿತ ಮಗು ಭಾಗಾಕಾರದ ನಡುವೆ ಎಲ್ಲಿದ್ದೇನೆಂಬುದನ್ನೇ ಮರೆಯುವುದನ್ನು ಕಂಡಿರಲಾರರು. ಪ್ರಶ್ನೆ ಇರುವುದು ಅಭ್ಯಾಸದ ಬಗೆಯಲ್ಲಿ. ಅಮೆರಿಕದ ಫ್ಲಾರಿಡಾದಲ್ಲಿ ಏಳನೆಯ ತರಗತಿಯ 54 ವರ್ಗಗಳಲ್ಲಿ ನಡೆದು 2020ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಬೇರೆ ಬೇರೆ ಬಗೆಯ ಲೆಕ್ಕಗಳನ್ನು ಬೆರೆಸಿ ಅಭ್ಯಾಸ ಮಾಡಿದ ಮಕ್ಕಳು ಒಂದು ತಿಂಗಳ ನಂತರದ ಪರೀಕ್ಷೆಯಲ್ಲಿ ಸರಾಸರಿ ಶೇ 61 ಗಳಿಸಿದರೆ, ಒಂದೇ ಬಗೆಯ ಲೆಕ್ಕಗಳನ್ನು ಸಾಲಾಗಿ ಮಾಡಿದವರು ಶೇ 38ಕ್ಕೆ ನಿಂತರು. ಕಾರಣ ಸರಳ: ಬೆರೆಸಿ ಕೊಟ್ಟಾಗ ಕೂಡಬೇಕೋ ಕಳೆಯಬೇಕೋ ಎಂಬುದನ್ನು ಮಗುವೇ ನಿರ್ಧರಿಸಬೇಕಾಗುತ್ತದೆ. 'ರವಿಯ ಬಳಿ 15 ಗೋಲಿಗಳಿವೆ, ಅವು ಗೀತಾಳ ಬಳಿ ಇರುವುದಕ್ಕಿಂತ 6 ಹೆಚ್ಚು. ಗೀತಾಳ ಬಳಿ ಎಷ್ಟು?' ಎಂದರೆ 'ಹೆಚ್ಚು' ಎಂಬ ಪದ ಕಂಡೊಡನೆ 21 ಎಂದು ಬರೆಯುವ ಮಗುವಿಗೆ ಆ ನಿರ್ಧಾರದ ಅಭ್ಯಾಸವೇ ಆಗಿಲ್ಲ.

ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡಫ್ಲೊ ಮತ್ತಿತರರು 2025ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನವೂ ಇದಕ್ಕೆ ಹತ್ತಿರದ್ದು. ಕೋಲ್ಕತ್ತ ಮತ್ತು ದೆಹಲಿಯ ಮಾರುಕಟ್ಟೆಗಳಲ್ಲಿ ದುಡಿಯುವ ಮಕ್ಕಳು ಗಿರಾಕಿಗೆ ಚಿಲ್ಲರೆಯನ್ನು ಸರಿಯಾಗಿ ಎಣಿಸಿ ಕೊಟ್ಟರೂ ಅದೇ ಮಟ್ಟದ ಶಾಲಾ ಲೆಕ್ಕದಲ್ಲಿ ಎಡವಿದರು. ಶಾಲೆಯ ಲೆಕ್ಕ ಬಲ್ಲ ಮಕ್ಕಳು ಮಾರುಕಟ್ಟೆಯ ಲೆಕ್ಕದಲ್ಲಿ ಸೋತರು.

ಪರೀಕ್ಷೆಗಳ ಕುರಿತು ರಾಜ್ಯದಲ್ಲಿ ಚರ್ಚೆ ಕಡಿಮೆಯೇನೂ ಆಗಿಲ್ಲ. ಐದನೆಯ ತರಗತಿಯೂ ಸೇರಿದಂತೆ ನಡೆಸಿದ ಮಂಡಳಿ ಮಟ್ಟದ ಪರೀಕ್ಷೆಗಳ ವಿವಾದ 2024ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್‌ನ ತಡೆಯಾಜ್ಞೆಯವರೆಗೆ ಹೋಯಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಎಂಟರಿಂದ ಹತ್ತನೆಯ ತರಗತಿಗಳ ಅರ್ಧವಾರ್ಷಿಕ ಪರೀಕ್ಷೆಯ ಫಲಿತಾಂಶ ಪ್ರಕಟಿಸದಂತೆಯೂ ನ್ಯಾಯಾಲಯ ಆದೇಶಿಸಿತು. ವಾದವೆಲ್ಲ ನಡೆದದ್ದು ಪ್ರಶ್ನೆಪತ್ರಿಕೆಯನ್ನು ಯಾರು ಸಿದ್ಧಪಡಿಸಬೇಕು, ಯಾರು ನಡೆಸಬೇಕು ಎಂಬುದರ ಸುತ್ತ. ತಿದ್ದಿದ ಉತ್ತರಪತ್ರಿಕೆ ಏನಾಗುತ್ತದೆಂದು ಯಾರೂ ಕೇಳಿದಂತಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳುವುದು ಮಗುವಿನ ತಿಳಿವಳಿಕೆಯ ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನದ ಮಾತನ್ನು. ಆಚರಣೆಯಲ್ಲಿ ನಿರಂತರವಾಗಿರುವುದು ಅಂಕಗಳ ದಾಖಲಾತಿ. ಹಲವು ತರಗತಿಗಳನ್ನು ಒಬ್ಬರೇ ನೋಡಿಕೊಳ್ಳುವ ಶಾಲೆಯ ಶಿಕ್ಷಕರಿಗೆ ತಪ್ಪುಗಳನ್ನು ವಿಂಗಡಿಸಲು ಬಿಡುವೆಲ್ಲಿ ಎಂಬ ಅವರ ಆಕ್ಷೇಪ ನ್ಯಾಯವಾದದ್ದೇ.

ವಾರ್ಷಿಕ ಪರೀಕ್ಷೆಯ ತಪ್ಪು ತಿಳಿಯುವ ಹೊತ್ತಿಗೆ ಮಗು ಮುಂದಿನ ತರಗತಿಗೆ ಹೋಗಿರುತ್ತದೆ. ಅರ್ಧವಾರ್ಷಿಕದ ತಪ್ಪಿಗೆ ಇನ್ನೂ ಐದಾರು ತಿಂಗಳ ಕಾಲಾವಕಾಶವಿರುತ್ತದೆ. ರಜೆ ಮುಗಿದ ಮೊದಲ ವಾರ ಹೊಸ ಪಾಠವನ್ನು ನಿಲ್ಲಿಸಿ ಅದೇ ಪತ್ರಿಕೆಯ ತಪ್ಪು ಲೆಕ್ಕಗಳನ್ನು ಮಕ್ಕಳ ಕೈಯಲ್ಲಿಯೇ ಬಿಡಿಸಲು ಇಲಾಖೆ ಅವಕಾಶ ಕೊಟ್ಟರೆ ಹೊಸ ಯೋಜನೆಯಾಗಲಿ ಹೆಚ್ಚುವರಿ ಹಣವಾಗಲಿ ಬೇಕಿಲ್ಲ. ಪಾಲಕರ ಸಭೆಗೆ ಹೋದವರು ಅಂಕಪಟ್ಟಿಗೆ ಸಹಿ ಹಾಕುವ ಮೊದಲು ಉತ್ತರಪತ್ರಿಕೆಯನ್ನು ಕೇಳಿ ಪಡೆದು, 'ಇದನ್ನು ಹೇಗೆ ಮಾಡಿದೆ?' ಎಂದು ಮಗುವನ್ನೊಮ್ಮೆ ಕೇಳಬಹುದು. 26 ಎಲ್ಲಿಂದ ಬಂತೆಂದು ಅದು ತಾನಾಗಿಯೇ ಹೇಳುತ್ತದೆ.