ಹಗೇವಿನ ರಾಗಿಗೆ ಏಳು ತಿಂಗಳ ಗಡುವು

ಹಳೇ ಮೈಸೂರು ಸೀಮೆಯಲ್ಲಿ ಹಗೇವು, ಅಂದರೆ ಧಾನ್ಯ ತುಂಬಿಡುವ ನೆಲಗುಂಡಿ, ತೆಗೆದ ಕೂಡಲೇ ಯಾರೂ ಒಳಗಿಳಿಯುತ್ತಿರಲಿಲ್ಲ. ಬಾಯಿಗೆ ಮುಚ್ಚಿದ ಚಪ್ಪಡಿ ಸರಿಸಿ, ಕೆಟ್ಟ ಗಾಳಿ ಹೋಗಲೆಂದು ಕಾದು, ದೀಪ ಇಳಿಬಿಟ್ಟು ನೋಡುತ್ತಿದ್ದರು. ದೀಪ ಆರದಿದ್ದರೆ ಆಳು ಇಳಿಯುತ್ತಿದ್ದ. ಒಳಗಿನ ರಾಗಿ ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ಕಾಳು ಸಣ್ಣದು, ಎಣ್ಣೆಯ ಅಂಶ ಕಡಿಮೆ, ಹುಳು ಸುಲಭಕ್ಕೆ ಹೊಗದು.

ಇಂಥ ಧಾನ್ಯವನ್ನು ಬೆಂಬಲ ಬೆಲೆಗೆ ಕೊಂಡರೆ ಮೂರು ತಿಂಗಳೊಳಗೆ ಪಡಿತರದಲ್ಲಿ ಹಂಚಿ ಮುಗಿಸಬೇಕು ಎಂಬುದು ಕೇಂದ್ರ ಸರ್ಕಾರದ ನಿಯಮವಾಗಿತ್ತು. 2021ರ ಡಿಸೆಂಬರಿನಲ್ಲಿ ಅದು ರಾಗಿಗೆ ಏಳು ತಿಂಗಳಾಯಿತು, ಜೋಳಕ್ಕೆ ಆರು. ಸಜ್ಜೆ ಹಿಟ್ಟು ಬೇಗ ಕಹಿಯಾಗುತ್ತದೆ, ಸರಿ. ಆದರೆ ಒರಟು ಧಾನ್ಯವೆಂದು ಎಲ್ಲವನ್ನೂ ಒಂದೇ ಗಂಟಿಗೆ ಕಟ್ಟಿದವರು ರಾಗಿ ಕಣವನ್ನು ಕಂಡಿದ್ದರೇ ಎಂದು ನನಗೆ ಅನುಮಾನ. ಭಾರತೀಯ ಆಹಾರ ನಿಗಮ, ಕೃಷಿ ಬೆಲೆ ಆಯೋಗ ಎರಡೂ 1965ರಲ್ಲಿ ಹುಟ್ಟಿದ್ದು ಅಕ್ಕಿ, ಗೋಧಿಯ ಚಿಂತೆಯಲ್ಲಿ. ಗೋದಾಮಿನ ಲೆಕ್ಕಾಚಾರ ಈಗಲೂ ಅದೇ.

ಬೆಲೆಯಲ್ಲಿ ಮಾತ್ರ ಸರ್ಕಾರ ಜಿಪುಣತನ ತೋರಿಲ್ಲ. 2017-18ರಲ್ಲಿ ಕ್ವಿಂಟಲಿಗೆ 1,900 ರೂಪಾಯಿಯಿದ್ದ ರಾಗಿ ಮರುವರ್ಷ 2,897ಕ್ಕೆ ಏರಿತು, 2025-26ಕ್ಕೆ 4,886. ಸಾಮಾನ್ಯ ಭತ್ತಕ್ಕೆ ಆ ವರ್ಷ 2,369. ದರ ಏರಿದ ಮೇಲೆ ಖರೀದಿ ಕೇಂದ್ರದ ಮುಂದೆ ಟ್ರ್ಯಾಕ್ಟರ್ ಸಾಲು ಬೆಳೆಯದೆ ಇರುತ್ತದೆಯೇ? ಸಾಲು ಬೆಳೆದಾಗ ಮಿತಿ ಬಂತು. 2021-22ರಲ್ಲಿ ಸಣ್ಣ ರೈತರ ರಾಗಿ ಮಾತ್ರ ಸಾಕೆಂದಾಗ ವಿಧಾನಸಭೆಯಲ್ಲೇ ಗದ್ದಲವಾಯಿತು. ಹೊಲದಲ್ಲಿ ಎಷ್ಟು ಬೆಳೆದಿದೆ ಎನ್ನುವುದಕ್ಕಿಂತ ಗಡುವಿನೊಳಗೆ ಎಷ್ಟು ಹಂಚಬಹುದು ಎಂಬುದೇ ಖರೀದಿಯ ಅಳತೆಯಾದರೆ ಹೀಗೇ ಆಗುವುದು. ಮುದ್ದೆ ಉಣ್ಣುವ ಜಿಲ್ಲೆಗಳಾಚೆ ಪಡಿತರದ ರಾಗಿ ಹೆಚ್ಚು ಹೋಗುವುದೂ ಇಲ್ಲ. ಕೈಸಾಲ ಮಾಡಿಕೊಂಡವನು ಪಹಣಿ ಹಿಡಿದು ಟೋಕನ್ನಿಗೆ ಕಾಯುತ್ತ ಕೂರಲಾರ; ಕಣದಲ್ಲೇ ವ್ಯಾಪಾರಿ ಹೇಳಿದ ದರಕ್ಕೆ ಚೀಲ ಎತ್ತಿಸುತ್ತಾನೆ.

2023ರಲ್ಲಿ ಅನ್ನಭಾಗ್ಯದ ಹೆಚ್ಚುವರಿ ಐದು ಕೆಜಿಗೆ ರಾಜ್ಯ ಸರ್ಕಾರ ಅಕ್ಕಿ ಹುಡುಕಿ ಅಲೆಯಿತು. ಕೇಂದ್ರ ಮಾರಲು ಒಪ್ಪಲಿಲ್ಲ. ಕೊನೆಗೆ ತಲೆಗೆ 170 ರೂಪಾಯಿ ಖಾತೆಗೆ ಹಾಕಿತು. ಅದೇ ವರ್ಷ ಮಳೆಯೂ ಕೈಕೊಟ್ಟಿತು. ರಾಗಿಯೊಂದರಿಂದಲೇ ಆ ಕೊರತೆ ತುಂಬುತ್ತಿತ್ತು ಎನ್ನಲಾರೆ. ಆದರೆ ಸುಗ್ಗಿ ಚೆನ್ನಾದ ವರ್ಷ ಹೆಚ್ಚಿಗೆ ಕೊಂಡು ಎರಡು ವರ್ಷ ಇಟ್ಟುಕೊಳ್ಳಲು ಅನುಮತಿ ಇದ್ದರೆ, ದಕ್ಷಿಣದ ಜಿಲ್ಲೆಗಳ ಮಟ್ಟಿಗಾದರೂ ಬರಗಾಲಕ್ಕೆ ಒಂದು ದಾಸ್ತಾನು ಇರುತ್ತಿತ್ತು. ಅದಕ್ಕೆ ಹೊಸ ತಳಿ, ಹೊಸ ಯೋಜನೆ ಬೇಕಿಲ್ಲ. ಮಾರ್ಗಸೂಚಿಯಲ್ಲಿ ಒಂದು ಸಾಲು ತಿದ್ದಬೇಕು, ತೇವವಿಲ್ಲದ ಗೋದಾಮು ಕೊಡಬೇಕು.