ಕಂತು ವಾರಕ್ಕೆ, ಕಬ್ಬಿನ ಹಣ ವರ್ಷಕ್ಕೆ: ದುದ್ದ ಹೋಬಳಿಯ ಮನೆಗಳಿಗೆ ಬೇಕಾದ ಲೆಕ್ಕ

ಮನೆಯ ಖರ್ಚನ್ನು ಆದಾಯದ ಮಿತಿಯೊಳಗೆ ಇಟ್ಟುಕೊಳ್ಳುವುದು ಹೇಗೆ ಎಂಬ ಬಗ್ಗೆ ಉಪದೇಶಕ್ಕೆ ಕೊರತೆಯಿಲ್ಲ. ತಿಂಗಳ ಮೊದಲ ದಿನ ಸಂಬಳವನ್ನು ಪಾಲು ಮಾಡಿ, ತಿಂಗಳ ಕೊನೆಗೆ ತಾಳೆ ನೋಡಿ ಎಂಬುದು ಅದರ ಸಾರ. ನೌಕರಿಯವರಿಗೆ ಇದು ಸರಿ. ಆದರೆ ಮಂಡ್ಯ ತಾಲ್ಲೂಕಿನ ದುದ್ದ ಹೋಬಳಿಯಂತಹ ಕಡೆ ಬಹುತೇಕ ಮನೆಗಳಿಗೆ ತಿಂಗಳ ಮೊದಲ ದಿನವೆಂಬುದೇ ಇಲ್ಲ. ನೀರಿದ್ದಲ್ಲಿ ಕಬ್ಬು, ಭತ್ತ. ಮಳೆಯನ್ನೇ ನಂಬಿದಲ್ಲಿ ರಾಗಿ, ಹುರುಳಿ. ಜತೆಗೆ ಒಂದೆರಡು ಹಸು. ಇಲ್ಲಿ ಹಣ ಬರುವ ಕಾಲವೇ ಬೇರೆ, ಹೋಗುವ ಕಾಲವೇ ಬೇರೆ. ಸಂಕಷ್ಟದ ಮೂಲವನ್ನು ದುಂದುಗಾರಿಕೆಯಲ್ಲಿ ಹುಡುಕುವುದಕ್ಕಿಂತ ಈ ಅಂತರದಲ್ಲಿ ಹುಡುಕುವುದು ಲೇಸು.

ಕಬ್ಬು ಕಟಾವಿಗೆ ಬರಲು ಸುಮಾರು ಒಂದು ವರ್ಷ ಬೇಕು. ಕಬ್ಬು ಪೂರೈಸಿದ 14 ದಿನಗಳೊಳಗೆ ಹಣ ಪಾವತಿಸಬೇಕು, ತಡವಾದರೆ ಶೇ. 15ರ ಬಡ್ಡಿ ನೀಡಬೇಕು ಎಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಕಾನೂನು ಇದ್ದರೂ ಬಾಕಿಗಾಗಿ ರೈತರು ಬೀದಿಗಿಳಿಯುವುದು ನಿಂತಿಲ್ಲ. ಹಾಲಿನ ಬಟವಾಡೆ ಡೇರಿಯ ವಾಯಿದೆಯಂತೆ ಬರುತ್ತದೆ. 2023ರ ಆಗಸ್ಟ್‌ನಲ್ಲಿ ಆರಂಭವಾದ ಗೃಹಲಕ್ಷ್ಮಿಯ 2,000 ರೂಪಾಯಿ ತಿಂಗಳ ಲೆಕ್ಕದ್ದಾದರೂ ಕಂತುಗಳು ತಡವಾದದ್ದುಂಟು. ಇತ್ತ ಕಿರುಸಾಲದ ಕಂತು ಮಾತ್ರ ವಾರಕ್ಕೊಮ್ಮೆ ತಪ್ಪದೇ ಬಾಗಿಲಿಗೆ ಬರುತ್ತದೆ.

ಸಾಲ ಮಾಡದೆಯೂ ಮಿತಿ ಮೀರುವ ಬಗೆ

ಒಂದು ಕಾಲ್ಪನಿಕ ಲೆಕ್ಕ ನೋಡೋಣ. ಕಟಾವು ಕೂಲಿ, ಸಾಗಣೆ, ಗೊಬ್ಬರದ ಖರ್ಚೆಲ್ಲ ಕಳೆದು ಒಂದು ಮನೆಗೆ ಕಬ್ಬಿನಿಂದ 72,000 ರೂಪಾಯಿ ಉಳಿಯಿತೆನ್ನಿ. ಅದು 12 ತಿಂಗಳಿಗೆ ಕೈಸೇರಿದರೆ ತಿಂಗಳಿಗೆ 6,000 ರೂಪಾಯಿ. ಹಾಲಿನಿಂದ ನಿವ್ವಳ 5,000, ಗೃಹಲಕ್ಷ್ಮಿಯಿಂದ 2,000 ಸೇರಿದರೆ ಒಟ್ಟು 13,000. ಗಂಡನ ಹೆಸರಿನಲ್ಲಿ ಒಂದು, ಹೆಂಡತಿಯ ಹೆಸರಿನಲ್ಲಿ ಒಂದು ಸಾಲವಿದ್ದು, ತಲಾ 700 ರೂಪಾಯಿಯ ವಾರದ ಕಂತು ಎಂದಾದರೆ ತಿಂಗಳಿಗೆ ಸುಮಾರು 6,067 ರೂಪಾಯಿ ಹೋಗುತ್ತದೆ.

ಕಿರುಸಾಲದ ಬಗ್ಗೆ ರಿಸರ್ವ್ ಬ್ಯಾಂಕ್ 2022ರ ಮಾರ್ಚ್‌ನಲ್ಲಿ ನೀಡಿದ ನಿರ್ದೇಶನದ ಪ್ರಕಾರ, ಕುಟುಂಬದ ಎಲ್ಲ ಸಾಲಗಳ ಕಂತು ಸೇರಿ ಮಾಸಿಕ ಆದಾಯದ ಅರ್ಧವನ್ನು ಮೀರುವಂತಿಲ್ಲ. 13,000ದ ಅರ್ಧ 6,500. ಅಂದರೆ ಈ ಮನೆ ಮಿತಿಯೊಳಗೇ ಇದೆ.

ಈಗ ಕಟಾವಿನ ಆದೇಶ ಮೂರು ತಿಂಗಳು ತಡವಾಯಿತೆನ್ನಿ. ಅದೇ 72,000 ರೂಪಾಯಿ 15 ತಿಂಗಳಿಗೆ ಹಂಚಿಹೋಗಿ ತಿಂಗಳಿಗೆ 4,800 ಆಗುತ್ತದೆ. ಒಟ್ಟು ಆದಾಯ 11,800, ಅದರ ಅರ್ಧ 5,900. ಕಂತು ಇದ್ದಷ್ಟೇ ಇದೆ, ಹೊಸದಾಗಿ ಒಂದು ರೂಪಾಯಿ ಸಾಲವನ್ನೂ ಮಾಡಿಲ್ಲ. ಆದರೂ ಮನೆ ಮಿತಿ ದಾಟಿತು. ಈ ಹಂತದಲ್ಲಿಯೇ ಹಳೆಯ ಕಂತು ಕಟ್ಟಲು ಕೈಸಾಲ, ಕೈಸಾಲ ತೀರಿಸಲು ಮತ್ತೊಂದು ಕಿರುಸಾಲ ಎಂಬ ಸರಪಳಿ ಶುರುವಾಗುತ್ತದೆ. ಸಹಕಾರ ಸಂಘದ ಬಡ್ಡಿರಹಿತ ಬೆಳೆ ಸಾಲವೂ ವಾಯಿದೆ ತಪ್ಪಿದರೆ ಬಡ್ಡಿರಹಿತವಾಗಿ ಉಳಿಯುವುದಿಲ್ಲ. 2015ರಲ್ಲಿ ಸಾಲದ ಹೊರೆಯಿಂದ ಮಂಡ್ಯ ಜಿಲ್ಲೆ ಕಂಡ ರೈತರ ಸಾವುಗಳನ್ನು ನೆನೆದರೆ, ಇದು ಕೇವಲ ಅಂಕಗಣಿತದ ವಿಷಯವಲ್ಲ ಎಂಬುದು ಅರಿವಾದೀತು.

ಆದಾಯ ಬರೆಯುವವರು ಯಾರು?

ಗಮನಿಸಬೇಕಾದ ಸಂಗತಿ ಇನ್ನೊಂದಿದೆ. ಅರ್ಧದ ಮಿತಿ ನಿಂತಿರುವುದು ಮನೆಯ ಆದಾಯ ಎಷ್ಟೆಂಬ ಅಂದಾಜಿನ ಮೇಲೆ. ಮನೆಯಲ್ಲಿ ಬರೆದ ಲೆಕ್ಕವಿಲ್ಲದಿದ್ದರೆ ಆ ಅಂದಾಜು ಸಾಲ ಕೊಡಲು ಬಂದವರ ಅರ್ಜಿಯಲ್ಲೇ ತೀರ್ಮಾನವಾಗುತ್ತದೆ. ಆ ನಿರ್ದೇಶನದಲ್ಲಿ ಕುಟುಂಬವೆಂದರೆ ಗಂಡ, ಹೆಂಡತಿ ಮತ್ತು ಅವಿವಾಹಿತ ಮಕ್ಕಳು. ಆದರೆ ಕಬ್ಬಿನ ಹಣ ಒಬ್ಬರ ಖಾತೆಗೆ, ಗೃಹಲಕ್ಷ್ಮಿ ಇನ್ನೊಬ್ಬರ ಖಾತೆಗೆ ಬರುವಾಗ, ಒಬ್ಬರ ಸಾಲ ಇನ್ನೊಬ್ಬರಿಗೆ ತಿಳಿಯದಿರುವ ಸಾಧ್ಯತೆ ಇದ್ದೇ ಇದೆ. ಮನೆಯ ಲೆಕ್ಕಪುಸ್ತಕ ಮಿತವ್ಯಯದ ಸಾಧನ ಮಾತ್ರವಲ್ಲ, ಸಾಲಗಾರನ ರಕ್ಷಣೆಯೂ ಹೌದು ಎನ್ನುವುದು ಈ ಕಾರಣಕ್ಕೆ.

ವಸೂಲಿಯ ಬಲಾತ್ಕಾರ ತಡೆಯಲು ರಾಜ್ಯ ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ತಂದಿತು. ತಪ್ಪಿತಸ್ಥರಿಗೆ 10 ವರ್ಷದವರೆಗೆ ಸೆರೆವಾಸ ವಿಧಿಸಲು ಅದರಲ್ಲಿ ಅವಕಾಶವಿತ್ತು. ಕ್ರಮ ಸ್ವಾಗತಾರ್ಹವೇ. ಆದರೆ ಅದು ಬಾಗಿಲಿಗೆ ಬಂದು ಪೀಡಿಸುವವರನ್ನು ತಡೆಯಬಹುದೇ ವಿನಾ, ಮನೆ ಮಿತಿ ದಾಟಿದ ದಿನವನ್ನು ತೋರಿಸಲಾರದು.

ಸಂಘಕ್ಕಿರುವ ಶಿಸ್ತು ಮನೆಗೆ

ಲೆಕ್ಕ ಬರೆಯುವ ವಿದ್ಯೆ ಹಳ್ಳಿಗೆ ಹೊಸದಲ್ಲ. 2000-01ರಲ್ಲಿ ರಾಜ್ಯ ಸರ್ಕಾರದ ಸ್ತ್ರೀಶಕ್ತಿ ಯೋಜನೆ ಆರಂಭವಾದಾಗಿನಿಂದ ಮಹಿಳೆಯರು ಉಳಿತಾಯ, ಸಾಲ, ಮರುಪಾವತಿಗಳನ್ನು ಸಂಘದ ಪುಸ್ತಕದಲ್ಲಿ ದಾಖಲಿಸುತ್ತ ಬಂದಿದ್ದಾರೆ. ಸಂಜೀವಿನಿ ಸಂಘಗಳು ಪಾಲಿಸಬೇಕಾದ ಪಂಚಸೂತ್ರಗಳಲ್ಲಿ ಲೆಕ್ಕಪತ್ರಗಳ ನಿರ್ವಹಣೆಯೂ ಒಂದು. ಸಂಘಕ್ಕೆ ಕಡ್ಡಾಯವಾದ ಈ ಶಿಸ್ತು ಮನೆಯೊಳಗೆ ಮಾತ್ರ ವಿರಳ.

ಬೇಕಿರುವುದು ಒಂದು ನೋಟ್‌ಬುಕ್, ನಾಲ್ಕು ಅಂಕಣ: ಬಂದದ್ದು, ಮನೆಗೆ ಹೋದದ್ದು, ಹೊಲಕ್ಕೆ ಹೋದದ್ದು, ಕಂತಿಗೆ ಹೋದದ್ದು. ಹೊಲದ ಖರ್ಚನ್ನೂ ಮನೆಯ ಖರ್ಚನ್ನೂ ಬೆರೆಸಿದರೆ ಬೆಳೆಯ ಲಾಭ ನಷ್ಟ ಎಂದಿಗೂ ತಿಳಿಯದು. ಮೊದಲ ಪುಟದಲ್ಲಿ ಇಬ್ಬರ ಹೆಸರಿನ ಎಲ್ಲ ಸಾಲಗಳೂ, ಒತ್ತೆಯಿಟ್ಟ ಒಡವೆಯೂ ಇರಬೇಕು. ಕಬ್ಬಿನ ಹಣ ಬಂದ ದಿನ ಅದನ್ನು ಹನ್ನೆರಡರ ಬದಲು ಹದಿನೈದು ಪಾಲು ಮಾಡುವುದು ಲೇಸು. ಮುಂದಿನ ಕಟಾವು ತಡವಾದರೆ ಆ ಮೂರು ಪಾಲು ಬಡ್ಡಿಯಿಲ್ಲದ ಸಾಲವಾಗಿ ಒದಗುತ್ತದೆ.

ಸಣ್ಣ ಖರ್ಚುಗಳನ್ನೂ ಕಡೆಗಣಿಸುವಂತಿಲ್ಲ. 2023-24ರ ಕೇಂದ್ರ ಸರ್ಕಾರದ ಗೃಹಬಳಕೆ ವೆಚ್ಚ ಸಮೀಕ್ಷೆಯಂತೆ ಗ್ರಾಮೀಣ ಭಾರತದ ತಲಾ ಮಾಸಿಕ ವೆಚ್ಚ 4,122 ರೂಪಾಯಿ. ಅದರಲ್ಲಿ ಧಾನ್ಯಕ್ಕೆ ಹೋಗುವುದು ಸುಮಾರು ಶೇ. 5, ಪಾನೀಯ ಮತ್ತು ಸಿದ್ಧ ತಿನಿಸುಗಳಿಗೆ ಶೇ. 10ರ ಸಮೀಪ. ಚಹಾ, ತಿಂಡಿ, ಪೊಟ್ಟಣಗಳ ಬಾಬ್ತು ಅಕ್ಕಿ, ರಾಗಿಯ ಬಾಬ್ತಿನ ಸುಮಾರು ಇಮ್ಮಡಿಯೆಂಬುದು ಬರೆದು ನೋಡದ ಹೊರತು ಯಾರಿಗೂ ಹೊಳೆಯದು. ಮದ್ಯ, ಬೀಡಿ, ಮೊಬೈಲ್ ರೀಚಾರ್ಜ್‌ಗಳ ಮಾತೂ ಅಷ್ಟೇ.

ಹೀಗೆಂದ ಮಾತ್ರಕ್ಕೆ ಹೊಣೆಯನ್ನೆಲ್ಲ ಮನೆಯವರ ಮೇಲೆ ಹೊರಿಸುವುದು ನ್ಯಾಯವಲ್ಲ. ಕಾರ್ಖಾನೆ ಹೊತ್ತಿಗೆ ಹಣ ಕೊಡದಿದ್ದರೆ ಯಾವ ನೋಟ್‌ಬುಕ್ಕೂ ಅಡುಗೆಮನೆಯ ಡಬ್ಬಿ ತುಂಬಿಸದು. ಕಬ್ಬು ನಂಬಿದ ಮನೆಗೆ ವಾರದ ಬದಲು ಬೆಳೆಗೆ ಹೊಂದುವ ಕಂತು ನಿಗದಿ ಮಾಡುವುದು ಸಾಲ ಕೊಡುವವರ ಕೈಯಲ್ಲಿದೆ. ಸಂಘಗಳು ಹೊಸ ಸಾಲಕ್ಕೆ ಠರಾವು ಬರೆಯುವ ಮುನ್ನ ಸದಸ್ಯೆಯ ಮನೆಯ ಪುಸ್ತಕದ ಕಳೆದ ಮೂರು ತಿಂಗಳ ಪುಟಗಳನ್ನು ಅವರೊಡನೆ ಕುಳಿತು ನೋಡುವ ಪದ್ಧತಿ ತರಬಹುದು. ಇದಕ್ಕೆ ಹೊಸ ಯೋಜನೆ, ಹೊಸ ಅನುದಾನ ಬೇಕಿಲ್ಲ. ಮುಂದಿನ ವಾರದ ಸಭೆಯಲ್ಲಿಯೇ ಆರಂಭಿಸಬಹುದು.